ಹಿತ್ತಲ ಚರಂಡಿಯ ಹಸಿರು ನೀರು

ನನ್ನ ಹೆಂಡತಿಯನ್ನು ಅವಳ ಆಫೀಸಿನಲ್ಲಿ ಎಲ್ಲರೂ ಚರಂಡಿ ಮೇಡಂ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ. ನೀರಿನ ಪೈಪು, ಒಳಚರಂಡಿ, ಮಳೆನೀರಿನ ಕಾಲುವೆ, ಇವು ಎಲ್ಲೆಲ್ಲಿ ಹೋಗಬೇಕೆಂದು ಯೋಜನೆ ಹಾಕುವುದು ಅವಳ ಕೆಲಸ. ಮದುವೆಯಾದ ಹೊಸದರಲ್ಲಿ ಸುತ್ತಾಡಲು ಹೊರಟರೆ ನನ್ನ ಕೈ ಬಿಟ್ಟು ಮ್ಯಾನ್‌ಹೋಲ್ ಮುಚ್ಚಳ ನೋಡುತ್ತ ನಿಲ್ಲುತ್ತಿದ್ದಳು. ಈಗ ಹೊರಗೆ ಹೋಗೋಣವೆಂದರೆ, "ಸುಮ್ನಿರ್ರೀ, ದಿನವಿಡೀ ರಸ್ತೇಲೇ ಇರ್ತೀನಿ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾಳೆ.

ಅವಳ ಜೀವ ಹಿಂಡಿದ್ದು ನಮ್ಮ ಬೀದಿಯ ಮೇಲಿನ ದಿಬ್ಬದಲ್ಲಿದ್ದ ಸೈನಿಕ ನೆಲೆ. ಸೈನ್ಯ ಖಾಲಿ ಮಾಡಿದ ಮೇಲೆ ಅಲ್ಲಿ ಮನೆ, ಶಾಲೆ, ಅಂಗಡಿ ಕಟ್ಟುವುದೆಂದು ತೀರ್ಮಾನವಾಯಿತು. ಕಟ್ಟುವ ಮೊದಲು ನೆಲದಡಿ ಏನಿದೆ ಎಂದು ತಿಳಿಯಬೇಕಲ್ಲ. ಸೈನ್ಯದವರು ಕೊಟ್ಟ ನಕ್ಷೆಯಲ್ಲಿ ಅರ್ಧಕ್ಕರ್ಧ ಪೈಪುಗಳೇ ಇರಲಿಲ್ಲ. ಗುಟ್ಟು ಕಾಪಾಡುವ ಚಟ ಅವರಿಗೆ ಕಕ್ಕಸಿನ ಪೈಪಿನವರೆಗೂ ಇತ್ತೆಂದು ಕಾಣುತ್ತದೆ. ಬೆಳಿಗ್ಗೆ ರಬ್ಬರ್ ಬೂಟು ಹಾಕಿ ಹೋದವಳು ಸಂಜೆ ಮೈಯೆಲ್ಲ ಮಣ್ಣಾಗಿ ಬಂದು ಮೆಟ್ಟಿಲ ಮೇಲೆ ಕುಸಿಯುತ್ತಿದ್ದಳು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ನಾನು ಮನೆ ಅಳಿಯ, ಹೆಚ್ಚು ಬಾಯಿ ಬಿಡುವಂತಿಲ್ಲ, ಆದರೂ ಹೇಳುತ್ತೇನೆ. ನಮ್ಮತ್ತೆಯ ಮನೆಗೂ ಅವರ ಸ್ವಂತ ತಂಗಿ, ಅಂದರೆ ನನ್ನ ಚಿಕ್ಕತ್ತೆಯ ಮನೆಗೂ ನಡುವೆ ಹಿತ್ತಲಲ್ಲಿ ಒಂದು ತೆರೆದ ಚರಂಡಿ. ಸೈನಿಕ ನೆಲೆಯ ಗೋಡೆಯ ಬುಡದಲ್ಲಿ, ಪೊದೆಯೊಳಗಿಂದ ಅದು ಶುರುವಾಗುತ್ತದೆ. ಒಂದು ಕಾಲಕ್ಕೆ ಮೂಗು ಬಿಡುವಂತಿರಲಿಲ್ಲ, ಅಷ್ಟು ನಾರುತ್ತಿತ್ತು. ತಂಗಿಯ ಕಕ್ಕಸಿನ ಗುಂಡಿ ಸೋರುತ್ತಿದೆ ಎಂದು ಅತ್ತೆ, ಅಕ್ಕನದೇ ಸೋರುತ್ತಿದೆ ಎಂದು ತಂಗಿ. ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಚಿಕ್ಕತ್ತೆಯ ಗಂಡ ತೀರಿಕೊಂಡ ದಿನ ಬೀದಿಯೆಲ್ಲ ಅಲ್ಲಿತ್ತು. ನಮ್ಮತ್ತೆ ಮಾತ್ರ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಅವತ್ತು ಅವರ ಮೇಲೆ ಬಂದ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ, ಸೈನ್ಯ ಹೋದ ವರ್ಷವೇ ನಾತವೂ ಹೋಯಿತು. "ನೋಡಿದ್ರಾ ಅಳಿಯಂದ್ರೇ, ಗುಟ್ಟಾಗಿ ರಿಪೇರಿ ಮಾಡಿಸಿದಾಳೆ. ತಪ್ಪು ಅವಳದೇ ಅಂತ ಆಯ್ತಲ್ಲ" ಎಂದರು ಅತ್ತೆ. ಸೈನ್ಯಕ್ಕೂ ನಾತಕ್ಕೂ ಸಂಬಂಧ ಇರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚರಂಡಿ ಮೇಡಂಗೂ ಹೊಳೆಯಲಿಲ್ಲ.

ಈಗ ಚಿಕ್ಕತ್ತೆ ಮನೆ ಮಾರಿ, ಬಲು ದೂರದಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಸಾಮಾನು ಕಟ್ಟುವ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನನ್ನ ಹೆಂಡತಿ ಬೇಡಿಕೊಂಡಳು.

"ಅಮ್ಮಾ, ಚಿಕ್ಕಮ್ಮ ಮತ್ತೆ ಈ ಕಡೆ ಬರ್ತಾರೋ ಇಲ್ವೋ. ಹೋಗೋದ್ರೊಳಗೆ ಒಂದ್ಸಲ ಮಾತಾಡು."

"ಅವಳು ತಪ್ಪು ಒಪ್ಕೊಳ್ಳಲಿ, ಮಾತಾಡ್ತೀನಿ."

ಚಿಕ್ಕತ್ತೆಯ ಬಳಿ ಹೋದರೆ ಅಲ್ಲೂ ಇದೇ ಉತ್ತರ. "ಇವರಿಬ್ಬರ ಮಧ್ಯೆ ನಂಗೆ ಸಾಕಾಗಿಹೋಗಿದೆ ರೀ" ಎಂದಳು ನನ್ನವಳು. ನನಗೂ ಸಾಕಾಗಿತ್ತು.

ಅತ್ತ ಆಫೀಸಿನಲ್ಲಿ ಮೇಲಿನವರದು ಇನ್ನೊಂದು ಕಾಟ. ನೆಲೆಯಲ್ಲಿರುವ ಹಳೆಯ ದೊಡ್ಡ ಪೈಪಿಗೇ ಹೊಸ ಮನೆಗಳನ್ನೆಲ್ಲ ಜೋಡಿಸಿಬಿಡಿ, ಖರ್ಚು ಉಳಿಯುತ್ತದೆ ಎಂದು ಅವರು. ಆ ಪೈಪು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗದೆ ಸಹಿ ಹಾಕುವುದಿಲ್ಲ ಎಂದು ಇವಳು. ಕೊನೆಗೆ ಬಣ್ಣ ಬಿಟ್ಟು ನೋಡುವುದೆಂದಾಯಿತು. ಟ್ಯಾಂಕರ್ ನೀರಿಗೆ ಹಸಿರು ಬಣ್ಣ ಕಲಸಿ ದಿಬ್ಬದ ಮೇಲಿನ ಮ್ಯಾನ್‌ಹೋಲಿಗೆ ಸುರಿದು, ಅದು ಎಲ್ಲಿ ಹೊರಬರುತ್ತದೋ ಎಂದು ಕಾಯುವುದು.

ಅಂದು ನನಗೆ ರಜೆ. ಹಿತ್ತಲಿಂದ ಅತ್ತೆ ಕೂಗಿದರು. "ಬನ್ನಿ ಇಲ್ಲಿ, ನೋಡಿ ಇವಳ ಬುದ್ಧೀನ. ಹೋಗೋ ಹೊತ್ತಲ್ಲೂ ಸುಮ್ನಿರಲ್ಲ, ಚರಂಡಿಗೆ ಏನೋ ಸುರಿದಿದಾಳೆ."

ಚರಂಡಿ ತುಂಬ ಗಿಳಿಹಸಿರು ನೀರು. ಹೆಂಡತಿಗೆ ಫೋನ್ ಮಾಡಿ ಹೇಳಿದೆ. ನೀರು ಗೋಡೆಯ ಬುಡದ ಪೊದೆಯಿಂದಲೇ ಬರುತ್ತಿದೆಯೇ ಎಂದು ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

"ಅದನ್ನ ಸುರಿದಿದ್ದು ನಾನು ರೀ. ಆ ಪೈಪಿಗೆ ಒಂದು ಮನೇನೂ ಜೋಡಿಸ್ಬಾರ್ದು, ಮುಚ್ಚಿಸ್ತೀನಿ. ಅಮ್ಮಂಗೆ ಅಲ್ಲೇ ಇರೋಕೆ ಹೇಳಿ."

ಬೂಟು ಸಮೇತ ಹಿತ್ತಲಿಗೆ ಬಂದವಳು ಆಚೆ ಮನೆಗೂ ಕೇಳುವಂತೆ ಹೇಳಿದಳು. ಇಷ್ಟು ವರ್ಷ ಹರಿದದ್ದು ದಿಬ್ಬದ ಮೇಲಿನ ಅಷ್ಟೂ ಸೈನಿಕರ ಹೊಲಸು. ಅವರು ಹೋದರು, ನಾತ ನಿಂತಿತು. ಈ ಮನೆಯದೂ ಸೋರಿಲ್ಲ, ಆ ಮನೆಯದೂ ಸೋರಿಲ್ಲ.

"ಚಿಕ್ಕಮ್ಮನ ಪರ ವಹಿಸ್ಕೊಂಡು ಕಥೆ ಕಟ್ಬೇಡ" ಎಂದರು ಅತ್ತೆ.

"ಕಥೆ ಕಟ್ಟೋಕೂ ಶಕ್ತಿ ಬೇಕಮ್ಮ" ಎಂದು ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಅಷ್ಟರಲ್ಲಿ ಆಚೆ ಹಿತ್ತಲ ಬಾಗಿಲು ತೆರೆಯಿತು. ಚಿಕ್ಕತ್ತೆ ಹಸಿರು ನೀರು ನೋಡುತ್ತ ನಿಂತರು.

"ಅಕ್ಕಾ, ಹಾಗಾದ್ರೆ ನೀನು ಗುಟ್ಟಾಗಿ ರಿಪೇರಿ ಮಾಡಿಸ್ಲಿಲ್ವಾ?"

"ನಾನ್ಯಾಕೆ ಮಾಡಿಸ್ಲಿ? ನೀನೇ ಮಾಡಿಸಿದೀಯ ಅಂದ್ಕೊಂಡಿದ್ದೆ."

ಅತ್ತೆ ಚರಂಡಿಯ ಅಂಚಿಗೆ ಬಂದರು, ದಾಟಲು ಮಂಡಿ ಕೇಳಲಿಲ್ಲ. ನನ್ನ ಹೆಂಡತಿ ಮತ್ತೆ ಎದ್ದು, ನೀರಿಗಿಳಿದು ನಿಂತು ಅಮ್ಮನ ಕೈ ಹಿಡಿದುಕೊಂಡಳು. ಅತ್ತೆ ಅಲ್ಲೇ ನಿಂತು ಹೇಳಿದರು.

"ನಿನ್ನ ಯಜಮಾನ್ರು ಹೋದ ದಿನ ನಾನು ಬರ್ಲಿಲ್ಲ ಕಣೇ."

"ಗೊತ್ತು" ಎಂದರು ಚಿಕ್ಕತ್ತೆ. "ಎಲ್ಲರ ಮುಂದೆ ಬರೋಕೆ ನಿಂಗೆ ಕಷ್ಟ ಆಗುತ್ತೆ ಅಂತ, ಅವತ್ತು ಈ ಹಿಂದಿನ ಬಾಗ್ಲು ತೆಗೆದೇ ಇಟ್ಟಿದ್ದೆ."