ನಾಲ್ಕು ಕಾಲಿನ ಚಿಟ್ಟೆ

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ನಮಗೆ ಇಬ್ಬಿಬ್ಬರಿಗೆ ಒಂದು ಕೀಟಪೆಟ್ಟಿಗೆ. ಅದರಲ್ಲಿರುವುದನ್ನೆಲ್ಲ ನಾವೇ ಹಿಡಿದಿರಬೇಕು. ಇಲ್ಲವಾದರೆ ಪ್ರಯೋಗದ ಜರ್ನಲ್ಲಿಗೆ ಅಧ್ಯಾಪಕರ ಸಹಿ ಇಲ್ಲ, ಸಹಿ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ. ಆದರೂ ಹಿಂದಿನ ವರ್ಷದ ಪೆಟ್ಟಿಗೆಯಿಂದ ಕೀಟ ಕಿತ್ತು, ಹೊಸ ಚೀಟಿ ಅಂಟಿಸುವುದು ನಡೆದೇ ಇತ್ತು. ಹಳೆಯದಾದರೆ ಒಣಗಿದ ಕಾಲುಗಳು ಉದುರಿರುತ್ತಿದ್ದವು.

ನನ್ನ ಜೊತೆಗಾರ ಮಾವಳ್ಳಿಯವನು. ಒಂದು ಸೋಮವಾರ ಹೊನ್ನಾವರದ ಹೊಳೆಯನ್ನು ಲಾಂಚಿನಲ್ಲಿ ದಾಟಿ ಬಂದವನು ಕಾಗದದ ಮಡಿಕೆಯಿಂದ ಒಂದು ಚಿಟ್ಟೆ ತೆಗೆದ. ಕಂದುಗಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು. ನಾನು ಕಾಲೇಜಿನ ಹಿಂದೆ ಹಿಡಿದದ್ದೂ ಹಾಗೇ ಇತ್ತು.

"ಇದು ಅದೇ ಅಲ್ಲನಾ?" ಎಂದೆ.

"ಎಂತ ಅದೇ? ನಿಂದು ಅಟ್ಟಿದ ಕೂಡ್ಲೆ ಓಡ್ತು ಅಂದಿದ್ದೆ. ಇದು ಅಟ್ಟಿದ್ರೂ ಮಾವನ ಮನೆಗೆ ಹೊರಟ ಅಳಿಯನ ಹಾಗೆ, ಸಾವಕಾಶ."

ಅವನು ಆಚೆ ಹೋದಮೇಲೆ ಎಣಿಸಿದೆ. ನನ್ನದಕ್ಕೆ ಆರು ಕಾಲು, ಅವನದಕ್ಕೆ ನಾಲ್ಕು. ಹಳೆಯ ಪೆಟ್ಟಿಗೆಗಳ ಬೀರುವಿನ ಬೀಗ ಸಡಿಲವಿದ್ದದ್ದು ಆಗಲೇ ಕಣ್ಣಿಗೆ ಬಿತ್ತು. ಬೀಗ ನಿಜವಾಗಿ ಸಡಿಲವಿತ್ತೋ, ಅನುಮಾನ ಬಂದಮೇಲೆ ಹಾಗೆ ಕಂಡಿತೋ, ಈಗ ಹೇಳಲಾರೆ. ಅವನನ್ನೇ ಕೇಳಬಹುದಿತ್ತು. ಕೇಳದೆ ಅಧ್ಯಾಪಕರ ಬಳಿ ಹೋಗಿ, "ಸರ್, ಅವನ ಚಿಟ್ಟೆಯ ಕಾಲು ನೋಡಿ," ಎಂದೆ.

ಮರುದಿನ ಅವರು ಇಬ್ಬರನ್ನೂ ನಿಲ್ಲಿಸಿ, "ಈ ಹಳೇದನ್ನು ಎಲ್ಲಿಂದ ತಂದೆ?" ಎಂದು ಅವನನ್ನು ಕೇಳಿದರು. ಅವನು ಪೆಟ್ಟಿಗೆಯನ್ನು ಅವರ ಕಡೆ ಸರಿಸಿದ. ಅವರು ಭೂತಗನ್ನಡಿಯಲ್ಲಿ ಚಿಟ್ಟೆಯನ್ನು ಬಹಳ ಹೊತ್ತು ನೋಡಿ, ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಚಿಟ್ಟೆಯ ಎದೆಗೆ ಒತ್ತಿಕೊಂಡು ಇನ್ನೆರಡು ಕಾಲುಗಳಿದ್ದವು, ಕೂದಲಿನಷ್ಟು ಸಣ್ಣವು. ಯಾವುದೂ ಉದುರಿರಲಿಲ್ಲ, ಅದರ ಕುಟುಂಬದ ಚಿಟ್ಟೆಗಳಿಗೆಲ್ಲ ಮುಂಗಾಲು ಹಾಗೆಯೇ. ಅವನದು ಹಕ್ಕಿಗಳು ಮುಟ್ಟಲೊಲ್ಲದ ಕಹಿ ಚಿಟ್ಟೆ. ನನ್ನದು ಬಾಲದ ರೆಕ್ಕೆಗೆ ಹೆಸರಾದ ಸ್ವಾಲೋಟೇಲ್ ಕುಟುಂಬದ್ದು, ಆದರೂ ಬಾಲವೂ ಇಲ್ಲ, ಕಹಿಯೂ ಇಲ್ಲ. ಆ ಕಹಿ ಚಿಟ್ಟೆಯ ರೂಪದ ಮರೆಯಲ್ಲಿ ಬದುಕುವುದು.

"ಪುಸ್ತಕ ಓದಿಕೊಂಡು ಬನ್ನಿ," ಎಂದು ಇಬ್ಬರಿಗೂ ಬೈದು ಸಹಿ ಮಾಡಿದರು.

ಹೊರಗೆ ಬಂದು ಅವನು ಕೇಳಿದ: "ಸರ್‌ಗೆ ಕಾಲಿನ ಸುದ್ದಿ ಹೇಳಿದ್ದು ಯಾರು ಮಾರಾಯಾ?"

"ನಂಗೆಂತ ಗೊತ್ತು?" ಎಂದೆ.

ಅಂದಿನ ನನ್ನ ದಿನಚರಿಯಲ್ಲಿರುವುದು ಇಷ್ಟೇ: "ಎರಡೂ ಬೇರೆ ಕುಟುಂಬ. ಸಹಿ ಆತು." ನಾನು ಚಾಡಿ ಹೇಳಿದ್ದು ಅಲ್ಲಿಲ್ಲ. ಮುಂದಿನ ಟರ್ಮಿನಲ್ಲಿ ಅವನು ಬೇರೊಬ್ಬನ ಜೊತೆ ಪೆಟ್ಟಿಗೆ ಮಾಡಿದ. ಬೆಂಚು ಬದಲಾದ್ದರಿಂದ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಬೆಂಚು ಬದಲಿಸಿಕೊಂಡದ್ದು ಅವನೇ.