ಹೋಬರ್ಟನನ್ನು ಮನೆಯಲ್ಲೇ ಮಣ್ಣು ಮಾಡಿದ್ದು

ಆರ್ಡಿತ್ ಕೆಂಟಕಿಯ ಬೆಟ್ಟದ ದಾರಿಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಲೇ ಕೂದಲು ನರೆಸಿಕೊಂಡವಳು. ಹಿಮ ಬಿದ್ದ ತಿರುವುಗಳಲ್ಲೂ ಅವಳ ಕೈ ನಡುಗಿದ್ದಿಲ್ಲ. ಜುಲೈ ತಿಂಗಳ ಒಂದು ನಸುಕಿನಲ್ಲಿ ಗಂಡ ಹೋಬರ್ಟ್ ತೀರಿಕೊಂಡ. ಕಲ್ಲಿದ್ದಲ ಗಣಿಯ ಧೂಳು ಅವನ ಶ್ವಾಸಕೋಶವನ್ನು ತಿಂದು ಮುಗಿಸಿತ್ತು.

"ಗಣಿ ನನ್ನೊಳಗೆ ತುಂಬಿದ್ದೇ ಸಾಕು ಕಣೇ. ಸತ್ತಮೇಲೆ ಹೆಣ ಕೆಡದ ಹಾಗೆ ಅಂತ ಇನ್ಯಾವ ಔಷಧಾನೂ ತುಂಬಿಸ್ಬೇಡ. ಮನೆ ಹಿಂದಿನ ಗುಡ್ಡದಲ್ಲಿ, ಸೇಬಿನ ಮರಗಳ ಮೇಲ್ಗಡೆ ಹಾಗೇ ಹೂತುಬಿಡು," ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಸ್ವಂತ ಜಮೀನಿನಲ್ಲಿ ಹೂಳಲು ಅಡ್ಡಿಯಿಲ್ಲವೆಂದು ಅವಳು ಮೊದಲೇ ವಿಚಾರಿಸಿಕೊಂಡಿದ್ದಳು.

ಸೆಕೆ ಏರುವ ಮೊದಲು ದೇಹವನ್ನು ತಣ್ಣಗಿಡಬೇಕಿತ್ತು. ಅವಳು ಮಂಜುಗಡ್ಡೆಯ ಚೀಲಗಳನ್ನು ಒಳಗೆ ಒಯ್ಯುತ್ತಿದ್ದಾಗ ಮೈದುನ ಡೆಲ್ಮರ್ ಬಂದ. ಅವನ ಹಿಂದೆಯೇ ಅಂತ್ಯಕ್ರಿಯೆ ನಡೆಸುವವರ ಕಪ್ಪು ವ್ಯಾನು ಅಂಗಳಕ್ಕೆ ತಿರುಗಿತು.

"ಯಾರು ಕರೆದ್ರು ಇವರನ್ನ?"

"ನಾನೇ. ನಮ್ಮಣ್ಣನ್ನ ನಾಯಿ ಹೂತ ಹಾಗೆ ಹೂತ್ರೆ ಊರೋರು ಏನಂತಾರೆ? ಇವರು ಸೂಟು ತೊಡಿಸಿ, ಚರ್ಚಲ್ಲಿ ಎಲ್ರೂ ನೋಡೋ ಹಾಗೆ ಮಲಗಿಸ್ತಾರೆ. ದಾರಿ ಬಿಡು ಆರ್ಡಿತ್."

ಅವಳು ಬಾಗಿಲಿಗೆ ಅಡ್ಡ ನಿಂತಳು. "ನನ್ನನ್ನ ಎತ್ತಿ ಆಚೆ ಹಾಕಿ ಒಳಗೆ ಹೋಗು."

ವ್ಯಾನಿನವರು ಸ್ಟ್ರೆಚರ್ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತರು. "ಹೆಂಡತಿ ಒಪ್ಪದೆ ನಾವು ಮುಟ್ಟೋ ಹಾಗಿಲ್ಲ ಸಾರ್," ಎಂದ ಒಬ್ಬ.

"ಇವಳಿಗೆ ತಲೆ ಕೆಟ್ಟಿದೆ. ಇರಿ, ಒಪ್ಪಿಸ್ತೀನಿ." ಡೆಲ್ಮರ್ ಅವಳನ್ನು ಭುಜದಿಂದ ತಳ್ಳಿಕೊಂಡೇ ಒಳನುಗ್ಗಿದ. ನುಗ್ಗಿದವನು ಮಂಚದ ಬಳಿ ಗಕ್ಕನೆ ನಿಂತ. ಅಣ್ಣ ಹಾಸಿಗೆ ಹಿಡಿದ ಮೇಲೆ ಅವನು ಇತ್ತ ತಲೆ ಹಾಕಿರಲಿಲ್ಲ. ಚಾದರದ ಕೆಳಗೆ ಇದ್ದದ್ದು ಬರೀ ಮೂಳೆ.

ಆರ್ಡಿತ್ ಹಿಂದೆಯೇ ಬಂದಳು. "ಬೆನ್ನು ತೊಳೀಬೇಕು. ನನ್ನೊಬ್ಬಳ ಕೈಲಿ ಮಗ್ಗುಲಾಗಿಸೋಕೆ ಆಗ್ತಿಲ್ಲ. ಹಿಡ್ಕೋತೀಯೋ, ಇಲ್ಲ ಹೊರಗೆ ನಿಂತೋರನ್ನ ಕರೀತೀಯೋ?"

ಹೊರಗೆ ವ್ಯಾನಿನ ಎಂಜಿನ್ ಗುರುಗುಡುತ್ತಲೇ ಇತ್ತು. ಅವಳು ಒದ್ದೆ ಬಟ್ಟೆ ಹಿಂಡಿ ಕಾದಳು. ಕೊನೆಗೆ ಡೆಲ್ಮರ್ ಅಂಗಿಯ ತೋಳು ಮಡಚಿ, ಅಣ್ಣನನ್ನು ಎದೆಗೆ ಒರಗಿಸಿಕೊಂಡ. ಹೋಬರ್ಟನ ಬೆನ್ನಿನ ತುಂಬ ಕಲ್ಲಿದ್ದಲು ಹೊಕ್ಕ ಗಾಯದ ನೀಲಿ ಗೆರೆಗಳು.

"ಇದು ಗಣಿಯ ಚಾವಣಿ ಕುಸಿದಾಗ ಆಗಿದ್ದು," ಎಂದ ಡೆಲ್ಮರ್. "ನನ್ನನ್ನ ಆಚೆ ತಳ್ಳಿ ತಾನು ಅಡಿಗೆ ಸಿಕ್ಕೊಂಡ."

"ಗೊತ್ತು. ಗಟ್ಟಿಯಾಗಿ ಹಿಡ್ಕೋ."

ತೊಳೆದು ಮುಗಿದ ಮೇಲೆ ಅವನೇ ಹೊರಗೆ ಹೋಗಿ ವ್ಯಾನನ್ನು ವಾಪಸು ಕಳಿಸಿದ.

ಮರುದಿನ ಅವನು ಗುದ್ದಲಿಯನ್ನು ಯಾರ ಕೈಗೂ ಕೊಡದೆ ಸೇಬಿನ ಮರಗಳ ಮೇಲಿನ ಕಲ್ಲುನೆಲ ಅಗೆದ. ಕೌದಿಯಲ್ಲಿ ಸುತ್ತಿದ ಹೋಬರ್ಟನನ್ನು ಹಗ್ಗ ಕಟ್ಟಿ ಇಳಿಸಿದರು. ಹೀಗೆ ಹೂಳುವುದನ್ನು ಒಪ್ಪದೆ ಚರ್ಚಿನವರು ಅರ್ಧಕ್ಕರ್ಧ ಬರಲಿಲ್ಲ; ಬಂದವರು ಜೋಳದ ಬ್ರೆಡ್ಡು, ಬೀನ್ಸು ತಿಂದು ಹೋದರು. ಡೆಲ್ಮರ್ ಮಾತ್ರ ಹೊಸ ಮಣ್ಣನ್ನು ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡುತ್ತ ಅಲ್ಲೇ ಕೂತಿದ್ದ. ಆರ್ಡಿತ್ ತಟ್ಟೆ ತಂದು ಅವನ ಪಕ್ಕದಲ್ಲಿಟ್ಟು, ತಾನೂ ಕೂತಳು.