ತಿರುಗಿಸದ ಕಾಲು

ಹದಿನಾರು ವರ್ಷ ಬಟ್ಟೆ ಹೊಲಿದವಳಿಗೆ ಊರಿನ ಅರ್ಧ ಜನರ ಅಳತೆ ಬಾಯಿಪಾಠವಾಗಿತ್ತು. ರೆಡಿಮೇಡ್ ಅಂಗಡಿಗಳು ಬಂದು ಗಿರಾಕಿಗಳು ಕರಗಿದಾಗ ಮೂವತ್ತೆಂಟನೇ ವಯಸ್ಸಿನಲ್ಲಿ ಎಕ್ಸ್‌ರೇ ತರಬೇತಿಗೆ ಸೇರಿದಳು. ಜೊತೆಯ ಹುಡುಗಿಯರು 'ಟೈಲರಕ್ಕ' ಎಂದರು; ಅದೇ ಹೆಸರು ನಿಂತಿತು.

ಕಲಿಸುವವರು ಉಸಿರು ಮೇಷ್ಟ್ರು. ಬೆಳಗಿನಿಂದ ಸಂಜೆಯವರೆಗೆ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎನ್ನುವುದೇ ಅವರ ಜಪ. ಟೈಲರಕ್ಕನ ಮೊದಲ ಎದೆಯ ಫಿಲ್ಮನ್ನು ಬೆಳಕಿಗೆ ಹಿಡಿದು, "ಏನಮ್ಮಾ, ಶ್ವಾಸಕೋಶ ತೆಗಿ ಅಂದ್ರೆ ಹೆಗಲಿನ ಮೂಳೆ ತೆಗ್ದಿದ್ದೀಯ!" ಎಂದರು. ಸೊಂಟಕ್ಕೆ ಕೈಯಿಟ್ಟು ಮೊಣಕೈಗಳನ್ನು ಮುಂದಕ್ಕೆ ತಂದರೆ ಆ ಮೂಳೆಗಳು ಪಕ್ಕಕ್ಕೆ ಸರಿಯುತ್ತವೆ. ಅದನ್ನು ರೂಢಿ ಮಾಡಿಕೊಳ್ಳಲು ಮನೆಯಲ್ಲಿ ಅತ್ತೆಯನ್ನೇ ಬೀರುವಿನ ಮುಂದೆ ನಿಲ್ಲಿಸಿದಳು.

"ಸೊಂಟದ ಮೇಲೆ ಕೈ ಇಡೋದು ನಂಗೆ ಹೇಳ್ಕೊಡ್ತೀಯಾ?" ಎಂದು ಅತ್ತೆ ನಕ್ಕರು. "ನಲವತ್ತು ವರ್ಷದಿಂದ ನಿಮ್ಮ ಮಾವನ ಮುಂದೆ ಹಿಂಗೇ ನಿಂತಿದ್ದೀನಿ."

ತರಬೇತಿ ಮುಗಿಯುವ ತಿಂಗಳು, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಬಲಬದಿಗೆ ಪೆಟ್ಟಾಗಿದ್ದ ನಿವೃತ್ತ ಬಸ್ ಡ್ರೈವರೊಬ್ಬರನ್ನು ಸ್ಟ್ರೆಚರಿನಲ್ಲಿ ತಂದರು. ಕಿರಿಯ ಡಾಕ್ಟರು ಅವಸರದಲ್ಲಿದ್ದರು. "ಮೇಲಿಂದ ಒಂದು ಎಕ್ಸ್‌ರೇ. ಆಮೇಲೆ ಕಾಲು ಮಡಚಿ, ಹೊರಗೆ ತಿರುಗಿಸಿ ಇನ್ನೊಂದು. ಬೇಗ."

ಟೈಲರಕ್ಕ ಎರಡೂ ಕಾಲುಗಳನ್ನು ನೋಡಿದಳು. ಪ್ಯಾಂಟಿನ ಉದ್ದ ಕಣ್ಣಲ್ಲೇ ಅಳೆಯುತ್ತಿದ್ದವಳು. ಬಲಗಾಲು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಪಾದ ಹೊರಕ್ಕೆ ವಾಲಿಬಿದ್ದಿತ್ತು.

"ಸಾರ್, ಈ ಕಾಲು ನಾನು ತಿರುಗಿಸಲ್ಲ. ಮುರಿದಿರೋ ಹಂಗಿದೆ."

"ಇನ್ನೂ ಎಕ್ಸ್‌ರೇನೇ ತೆಗ್ದಿಲ್ಲ, ನಿಮಗೆ ಹೆಂಗೆ ಗೊತ್ತು?"

"ಗೊತ್ತಿಲ್ಲ ಸಾರ್. ಅದಕ್ಕೇ ತಿರುಗಿಸಲ್ಲ."

ಡಾಕ್ಟರು ಪಕ್ಕದಲ್ಲಿದ್ದ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು, "ಅವಳಿಗೆ ಬಿಡಿ" ಎಂದಷ್ಟೇ ಹೇಳಿ ಗೋಡೆಗೆ ಒರಗಿದರು.

ಅವಳು ಮೇಲಿಂದ ಒಂದು ಚಿತ್ರ ತೆಗೆದಳು. ಎರಡನೆಯದಕ್ಕೆ, ಚೆನ್ನಾಗಿದ್ದ ಎಡಗಾಲನ್ನು ಎತ್ತಿ ದಿಂಬಿಟ್ಟ ಸ್ಟೂಲಿನ ಮೇಲೆ ಇರಿಸಿದಳು. ನೋವಿನ ಸೊಂಟದ ಹೊರಬದಿಗೆ ಫಿಲ್ಮ್ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿದಳು. ಯಂತ್ರದ ತಲೆಯನ್ನು ತಗ್ಗಿಸಿ, ಎತ್ತಿದ ಕಾಲಿನ ಅಡಿಯಿಂದ ಕಿರಣ ಅಡ್ಡವಾಗಿ ಹಾಯುವಂತೆ ಹೊಂದಿಸಿದಳು. ಬಲಗಾಲನ್ನು ಮುಟ್ಟಲೇ ಇಲ್ಲ.

"ಯಜಮಾನ್ರೇ, ಅಲ್ಲಾಡದೆ ಇರಿ, ಅಷ್ಟು ಸಾಕು."

"ಮೂವತ್ತು ವರ್ಷ ಬಸ್ಸಲ್ಲಿ ಅಲ್ಲಾಡಿದ್ದೀನಮ್ಮ, ಒಂದು ನಿಮಿಷ ಸುಮ್ನಿರೋದು ಯಾವ ಲೆಕ್ಕ!" ಎಂದರು ಡ್ರೈವರು ಹಲ್ಲು ಕಚ್ಚಿಕೊಂಡು.

ಚಿತ್ರದಲ್ಲಿ ಸೊಂಟದ ಕೀಲಿನ ಹತ್ತಿರ ತೊಡೆಮೂಳೆಯ ಕತ್ತು ಮುರಿದಿದ್ದು ಸ್ಪಷ್ಟವಾಗಿ ಕಂಡಿತು. ಡಾಕ್ಟರು ಅದನ್ನು ನೋಡಿ, "ತಿರುಗಿಸದೆ ಒಳ್ಳೇದು ಮಾಡಿದ್ರಿ" ಎಂದರು. ಡ್ರೈವರಿಗೆ ಆಪರೇಷನ್ ಆಯಿತು. ಮೂರು ತಿಂಗಳಿಗೆ ಕೋಲೂರಿಕೊಂಡು ನಡೆದೇ ಬಂದರು.

ಆ ಹೊತ್ತಿಗೆ ಟೈಲರಕ್ಕ ಪರೀಕ್ಷೆಯಲ್ಲಿ ಪಾಸಾಗಿ ಅಲ್ಲೇ ಕೆಲಸಕ್ಕೆ ಸೇರಿದ್ದಳು. ಮೇಷ್ಟ್ರು ಹೆಚ್ಚು ಹೊಗಳುವವರಲ್ಲ. "ಎರಡನೇ ಎಕ್ಸ್‌ರೇ ರೂಮು ಇನ್ನು ನಿನ್ದೇ" ಎಂದು ಕೀಲಿ ಕೊಟ್ಟಿದ್ದರು. ಮೊದಲ ದಿನವೇ ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಅವಳು ಬಾಗಿಲು ತೆರೆದು, "ಮೊದಲು ಯಾರು ಬರ್ತೀರಾ?" ಎಂದು ಕರೆದಳು.